ಗೋಡೆ ಒಡೆಯುವ ಮುಂಚೆ

ಪ್ರೀತಿಯ ಪುಟ್ಟಿಗೆ, ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ನಕ್ಷೆ, ಫೋಟೊ ಎಲ್ಲ ನೋಡಿದೆ. ಹಾಲ್‌ಗೂ ಅಡುಗೆಮನೆಗೂ ನಡುವಿನ ಗೋಡೆ ಹೋಗುತ್ತದೆ, ಮೇಲೆ ಫಾಲ್ಸ್ ಸೀಲಿಂಗ್ ಬರುತ್ತದೆ, ಬಚ್ಚಲ ಪಕ್ಕದ ಗೋಡೆಗೆ ಮರದ ಪ್ಯಾನೆಲ್. ಆ ಮನೆಯಲ್ಲಿ ಬೆಳೆದವಳು ನಾನು, ಏನೂ ಮುಟ್ಟಬೇಡ ಅಂತ ಕಣ್ಣೀರು ಹಾಕುತ್ತೇನೆ ಅಂದುಕೊಂಡಿದ್ದೀಯಾ? ಇಲ್ಲ ಮಾರಾಯ್ತಿ. ಆ ಕತ್ತಲೆ ಅಡುಗೆಮನೆ ನನಗೂ ಎಂದೂ ಹಿಡಿಸಿರಲಿಲ್ಲ. ನಿಮ್ಮಜ್ಜ ತುಂಬ ಒಳ್ಳೆಯವರು, ಆದರೆ ಕಿಟಕಿ ಎಲ್ಲಿ ಇಡಬೇಕು ಅನ್ನುವುದು ಅವರಿಗೆ ತಿಳಿದಿರಲಿಲ್ಲ.

ಬದಲಾಯಿಸು. ಆದರೆ ಅದಕ್ಕೂ ಮೊದಲು ಒಂದು ತಿಂಗಳು ಸುಮ್ನೆ ಮನೆಯನ್ನು ನೋಡು. ಎಲ್ಲಿ ಸವೆದಿದೆ, ಎಲ್ಲಿ ಕಲೆಯಾಗಿದೆ, ಯಾವ ಕುರ್ಚಿ ಮೇಲೆ ಯಾವಾಗಲೂ ಬಟ್ಟೆ ರಾಶಿ ಬಿದ್ದಿರುತ್ತದೆ, ಎಲ್ಲವನ್ನೂ ಬರೆದಿಡು.

ಒಂದು ಉದಾಹರಣೆ ಕೊಡುತ್ತೇನೆ. ಬಚ್ಚಲ ಬಾಗಿಲ ಪಕ್ಕ, ಸೊಂಟದ ಎತ್ತರದಲ್ಲಿ, ಅಂಗೈ ಅಗಲದ ಕಪ್ಪು ಕಲೆ ಇದೆ ನೋಡು. ಫೋಟೊದಲ್ಲಿ ನೀನು ಅದಕ್ಕೆ ಸುತ್ತು ಹಾಕಿ 'ಇದು ಪ್ಯಾನೆಲ್ ಹಿಂದೆ ಹೋಗುತ್ತದೆ' ಅಂತ ಬರೆದಿದ್ದೀಯ. ಹೋದ ಸಲ ಬಂದಾಗ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಅಣ್ಣ ಎದ್ದು ಬಂದ, ಕತ್ತಲಲ್ಲೇ ಕೈ ಚಾಚಿದ, ಸರಿಯಾಗಿ ಆ ಕಲೆಯ ಮೇಲೆ ಕೈ ಊರಿದ, ಒಂದು ಗಳಿಗೆ ನಿಂತ, ಆಮೇಲೆ ಹೊಸ್ತಿಲು ದಾಟಿದ. ಮಂಡಿ ನೋವಿನ ವಿಷಯ ಅವನು ನಿನಗೆ ಹೇಳಿರುವುದಿಲ್ಲ. ಆ ಜಾಗಕ್ಕೆ ಬೇಕಿರುವುದು ಒಂದು ಹಿಡಿಕೆ. ಅದನ್ನೂ ಪ್ಯಾನೆಲ್‌ಗೆ ಸ್ಕ್ರೂ ಹೊಡೆಸಿ ಕೂರಿಸಬೇಡ, ಆಳಿನ ಭಾರ ಬಿದ್ದರೆ ಕಿತ್ತು ಕೈಗೆ ಬರುತ್ತದೆ. ಬೋಲ್ಟ್ ಇಟ್ಟಿಗೆಯೊಳಗೇ ಹೋಗಿ ಕೂರಬೇಕು. ಹೊಸ್ತಿಲನ್ನೂ ಈಗಲೇ ತೆಗೆಸಿಬಿಡು.

ಪ್ಯಾನೆಲ್ ಮಾತು ಬಂತಲ್ಲ, ನನ್ನ ಪೆದ್ದುತನ ಹೇಳಿಬಿಡುತ್ತೇನೆ. ನಮ್ಮ ಹಾಲ್‌ನಲ್ಲಿ ಗೋಡೆಯ ಬುಡಕ್ಕೆ ತೇವ ಹಿಡಿದು ಬಣ್ಣ ಉಬ್ಬಿತ್ತು. ಎರಡು ಸಲ ಬಳಿಸಿದೆ, ಎರಡು ಸಲವೂ ಉಬ್ಬಿತು. ಕೆಲಸ ಹಿಡಿದವನು 'ಮೇಡಂ, ಪ್ಯಾನೆಲ್ ಹೊಡೆದುಬಿಡೋಣ, ಮುಚ್ಚಿಹೋಗುತ್ತೆ' ಅಂದ. ಮುಚ್ಚಿತು. ಬಂದವರೆಲ್ಲ ಹೊಗಳಿದರು, ನಾನೂ ಉಬ್ಬಿದೆ. ಒಂದೂವರೆ ವರ್ಷಕ್ಕೆ ಒದ್ದೆ ಗೋಣಿಚೀಲದ ವಾಸನೆ ಶುರುವಾಯಿತು. ಒಂದು ಹಲಗೆ ಬಿಚ್ಚಿಸಿದರೆ ಹಿಂದೆಲ್ಲ ಕಪ್ಪು ಬೂಷ್ಟು. ಪ್ಲೈವುಡ್‌ಗೆ ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಗೋಡೆಯ ತುಂಬ ಬಿಳಿ ಉಪ್ಪು, ಕೆರೆದರೆ ಗಾರೆ ಪುಡಿಪುಡಿ. ಕಾರಣ ಏನು ಗೊತ್ತಾ? ಗೋಡೆಯ ಆಚೆ ಬದಿಯ ಪೈಪಿನಲ್ಲಿ ಒಂದು ಎಲ್ಬೋ, ಅಂದರೆ ತಿರುವಿನ ಜೋಡಣೆ, ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಬಂದು ಅರ್ಧ ಗಂಟೆಯಲ್ಲಿ ಬದಲಾಯಿಸಿ ಹೋದ.

ನಿನ್ನ ಗೋಡೆಯೂ ಬಚ್ಚಲಿಗೆ ಅಂಟಿಕೊಂಡಿದೆ. ಸುಲಭದ ಪರೀಕ್ಷೆ ಇದೆ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ 2 ದಿನ ಬಿಡು. ಹಾಳೆಯ ಒಳಮೈಯಲ್ಲಿ ನೀರು ಕಟ್ಟಿದರೆ ತೇವ ಗೋಡೆಯೊಳಗಿನದು. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯದು, ಕಿಟಕಿ ತೆರೆದಿಟ್ಟು ಗಾಳಿಯಾಡುವಂತೆ ಮಾಡಿದರೆ ಅರ್ಧ ಕಡಿಮೆಯಾಗುತ್ತದೆ. ಹಳೆಯದು ಸುಣ್ಣದ ಗಾರೆಯಾಗಿದ್ದರೆ ಅದರ ಮೇಲೆ ಸಿಮೆಂಟ್ ಮೆತ್ತಿಸಬೇಡ. ಸುಣ್ಣದ ಗೋಡೆ ತೇವ ಹೊರಗೆ ಬಿಡುತ್ತಾ ಒಣಗುತ್ತದೆ. ಸಿಮೆಂಟು, ಪ್ಲಾಸ್ಟಿಕ್ ಪೇಂಟು ಅದಕ್ಕೆ ಅಡ್ಡ ನಿಲ್ಲುತ್ತವೆ. ಬಚ್ಚಲ ನೆಲ ಮಾಡಿಸುವಾಗ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮುಂಚೆ, ನೆಲದ ಮೇಲೆ ನೀರು ಕಟ್ಟಿ ನಿಲ್ಲಿಸಿ, ಸೋರುತ್ತದೆಯೇ ಅಂತ 24 ಗಂಟೆಯಾದರೂ ಕಾದು ನೋಡು. ಮೇಸ್ತ್ರಿ ಅವಸರ ಮಾಡುತ್ತಾನೆ. ಮಾಡಲಿ.

ನಡುವಿನ ಗೋಡೆಯ ಬಗ್ಗೆ ನಾನು ಹೇಳುವುದಕ್ಕಿಂತ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ತೆಳ್ಳಗಿನ ಗೋಡೆ ಅಲ್ಲ ಅದು, 9 ಇಂಚಿನದು. ಮೇಲಿನ ಭಾರ ಹೊತ್ತಿರುವ ಸಾಧ್ಯತೆಯೇ ಜಾಸ್ತಿ. ಅವರು ಬಂದು ನೋಡಿ ಬರೆದು ಕೊಡುವ ತನಕ ಒಂದು ಇಟ್ಟಿಗೆಯನ್ನೂ ಅಲ್ಲಾಡಿಸಬೇಡ.

ಅಷ್ಟಕ್ಕೂ ನಿನಗೆ ಗೋಡೆ ಯಾಕೆ ಹೋಗಬೇಕು ಅಂತ ಯೋಚಿಸಿದ್ದೀಯಾ? ಅತ್ತಿಗೆ ಒಳಗೆ ಒಬ್ಬರೇ ಇರುತ್ತಾರೆ, ಮಾತಿಗೆ ಯಾರೂ ಸಿಗುವುದಿಲ್ಲ ಅಂತ ನೀನೇ ಬರೆದಿದ್ದೆ. ಅದು ನಿಜವಾದ ಕಾರಣ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮಾರ್ಗರೆಟೆ ಷುಟ್ಟೆ-ಲಿಹೋಟ್ಸ್ಕಿ ಅನ್ನುವ ವಾಸ್ತುಶಿಲ್ಪಿ ಒಂದು ಪುಟ್ಟ ಅಡುಗೆಮನೆ ರೂಪಿಸಿದರು. 1.9 ಮೀಟರ್ ಅಗಲ, 3.4 ಮೀಟರ್ ಉದ್ದ, ಅಷ್ಟೇ. ಎಲ್ಲವೂ ಕೈಗೆಟುಕುವ ಹಾಗೆ, ನಡೆಯುವ ಹೆಜ್ಜೆ ಕಡಿಮೆಯಾಗುವ ಹಾಗೆ ಜೋಡಿಸಿದ್ದರು. ಇವತ್ತಿನ ಮಾಡ್ಯುಲರ್ ಕಿಚನ್‌ಗಳಿಗೆಲ್ಲ ಅದೇ ಅಜ್ಜಿ. ಆದರೆ ಅದರಲ್ಲಿ ಒಬ್ಬರೇ ನಿಂತು ಕೆಲಸ ಮಾಡಬಹುದು, ಇನ್ನೊಬ್ಬರಿಗೆ ಜಾಗವಿಲ್ಲ ಅಂತ ಆಮೇಲೆ ದೂರು ಬಂತು. ಅಲ್ಲಿದ್ದ ಅಚ್ಚುಕಟ್ಟುತನ ತೆಗೆದುಕೋ, ಒಂಟಿತನ ಬಿಡು. ಇಡೀ ಗೋಡೆ ಹೋಗಲಾರದು ಅಂದರೆ ದೊಡ್ಡ ಕಿಂಡಿ ತೆರೆಸಬಹುದು, ಮೇಲೆ ಸರಿಯಾದ ಬೀಮ್ ಕೂರಿಸಿ. ಆಚೆ ಬದಿ ಒಂದು ಎತ್ತರದ ಸ್ಟೂಲ್ ಹಾಕು. ಮಾತಿಗೆ ಅಷ್ಟು ಸಾಕಲ್ವಾ?

ಫಾಲ್ಸ್ ಸೀಲಿಂಗ್ ನನಗೆ ಇಷ್ಟವಿಲ್ಲ, ನೇರವಾಗಿ ಹೇಳುತ್ತೇನೆ. ಎತ್ತರ ತಿನ್ನುತ್ತದೆ, ಸೋರುವುದನ್ನು ಮುಚ್ಚುತ್ತದೆ. ನಿನಗೆ ಬೇಕಿರುವುದು ಬೆಳಕು. ವಯಸ್ಸು 60 ದಾಟಿದವರ ಕಣ್ಣಿನೊಳಕ್ಕೆ, 20ರ ಹರೆಯದವರಿಗೆ ಹೋಲಿಸಿದರೆ, ಬೆಳಕು ಸುಮಾರು ಮೂರನೇ ಒಂದು ಭಾಗ ಮಾತ್ರ ತಲುಪುತ್ತದೆ. ನಿಮ್ಮಪ್ಪ ಪೇಪರನ್ನು ಕಿಟಕಿ ಹತ್ತಿರ ತೆಗೆದುಕೊಂಡು ಹೋಗುವುದು ಗಾಳಿಗಲ್ಲ. ಅವನು ಕೂರುವ ಜಾಗಕ್ಕೆ ಒಂದು ಓದುವ ದೀಪ, ಅಡುಗೆ ಕಟ್ಟೆಯ ಮೇಲೆ ಕಪಾಟಿನ ಅಡಿಯಿಂದ ಒಂದು ಪಟ್ಟಿ ದೀಪ, ಬಚ್ಚಲ ದಾರಿಗೆ ರಾತ್ರಿ ಮಂದವಾಗಿ ಉರಿಯುವ ಒಂದು. ಬಲ್ಬಿನ ಡಬ್ಬಿ ಮೇಲೆ ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಬರೆದಿರುತ್ತಾರೆ, ಅಂಕಿ ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ಬಿಳಿ. ಹಾಲ್‌ಗೆ 2700ರಿಂದ 3000 ಕೆಲ್ವಿನ್, ಕಟ್ಟೆಗೆ 4000. ಆ 6500ರ ಬೆಳಕಿನಲ್ಲಿ ಮನುಷ್ಯರೆಲ್ಲ ಕಾಯಿಲೆ ಬಿದ್ದವರ ಹಾಗೆ ಕಾಣುತ್ತಾರೆ.

ದೀಪದ ಜಾಗ ಗೊತ್ತಾದ ಮೇಲೆಯೇ ವೈರಿಂಗ್. ಹಳೇ ವೈರ್ ಪೂರ್ತಿ ತೆಗೆಸು. ಅಲ್ಲಿ ಎಷ್ಟೋ ಪ್ಲಗ್‌ಗಳಿಗೆ ಅರ್ಥಿಂಗೇ ಇಲ್ಲ. 30 ಮಿಲಿಆಂಪ್‌ನ ಶಾಕ್ ತಡೆಯುವ ಬ್ರೇಕರ್ ಹಾಕಿಸು. ಈಗ ಎಲ್ಲೆಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ಬಿದ್ದಿದೆಯೋ ಅಲ್ಲೆಲ್ಲ ಒಂದೊಂದು ಪಾಯಿಂಟ್ ಬೇಕು ಅಂತ ಅರ್ಥ. ಗೋಡೆ ಮುಚ್ಚುವ ಮುಂಚೆ ಪೈಪು, ವೈರು ಹೋಗಿರುವ ದಾರಿಯ ಫೋಟೊ ತೆಗೆದಿಡು, ಪಕ್ಕದಲ್ಲಿ ಅಳತೆ ಟೇಪ್ ಹಿಡಿದು.

ಮಗುವನ್ನು ಕೆಲಸ ನಡೆಯುವ ದಿನಗಳಲ್ಲಿ ಇಲ್ಲಿಗೆ ಕಳಿಸು. ಆ ಕಿಟಕಿ ಬಾಗಿಲುಗಳ ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದನ್ನೇ ಉಜ್ಜಿದರೆ ಧೂಳು ಮನೆಯೆಲ್ಲ ಹರಡುತ್ತದೆ, ಚಿಕ್ಕ ಮಕ್ಕಳಿಗೆ ಅದು ವಿಷ. ಮೊದಲು ಪರೀಕ್ಷೆ ಮಾಡಿಸು, ಉಜ್ಜಲೇಬೇಕಾದರೆ ನೀರು ಹಚ್ಚಿ ಉಜ್ಜಿಸು.

ದುಡ್ಡಿನ ಲೆಕ್ಕ ಸರಿಯಾಗಿಯೇ ಹಾಕಿದ್ದೀಯ, ಆದರೆ ಕೊನೆಯ ಪೈಸೆವರೆಗೂ ಹಂಚಿಬಿಟ್ಟಿದ್ದೀಯ. ನೂರಕ್ಕೆ 20 ಪಕ್ಕಕ್ಕಿಡು. 'ಮನೆ ಕಟ್ಟಿ ನೋಡು' ಅಂದವರು 'ಹಳೇ ಮನೆಯೊಳಗೆ ಇದ್ದುಕೊಂಡೇ ರಿಪೇರಿ ಮಾಡಿಸಿ ನೋಡು' ಅಂತ ಇನ್ನೊಂದು ಮಾತು ಸೇರಿಸಬೇಕಿತ್ತು.

ಒಂದು ಕೆಲಸ ಮಾತ್ರ ಈ ವಾರವೇ ಮಾಡು. ನಕ್ಷೆಯಲ್ಲಿ ಅಡುಗೆ ಕಟ್ಟೆ 36 ಇಂಚು ಅಂತ ಬರೆದಿದೆ. ಅದು ನಿನ್ನ ಎತ್ತರಕ್ಕೆ ಸರಿ, ಅತ್ತಿಗೆ ನಿನ್ನ ಭುಜಕ್ಕೆ ಬರುತ್ತಾರೆ. ಅವರು ಕೈ ಮಡಚಿ ನಿಂತಾಗ ಮೊಣಕೈ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಳೆದು ನನಗೆ ಕಳಿಸು. ಅದಕ್ಕಿಂತ 4ರಿಂದ 6 ಇಂಚು ಕೆಳಗೆ ಕಟ್ಟೆ ಬರಬೇಕು. ಅಳೆಯುತ್ತೇನೆ ಅಂದರೆ 'ನನಗೆ ಹೇಗಿದ್ದರೂ ಆಗುತ್ತೆ' ಅಂತಾರೆ. ಅವರು ತರಕಾರಿ ಹೆಚ್ಚುತ್ತಿರುವಾಗ ಹಿಂದಿನಿಂದ ಹೋಗಿ ಟೇಪ್ ಹಿಡಿ.

ನಿನ್ನ,
ಅತ್ತೆ