ಮಗಳಿಗೊಂದು ಪತ್ರ: ಉಪ್ಪುಗಾಳಿಗೆ ಒಗ್ಗುವ ಮನೆ

ಪ್ರೀತಿಯ ಪುಟ್ಟಿ,

ನಕ್ಷೆ ನೋಡಿದೆ. ಕುಂದಾಪುರದ 30×40 ಸೈಟಿನಲ್ಲಿ ಅತ್ತೆ-ಮಾವ, ನೀವಿಬ್ಬರು, ಮಕ್ಕಳು, ಎಲ್ಲರಿಗೂ ಚೆನ್ನಾಗಿ ಜಾಗ ಹೊಂದಿಸಿದ್ದೀಯ. ಗೋಡೆಯ ನೀಲಿ, ಅಲೆಯಂಥ ಕಟಾಂಜನ ಎಲ್ಲ ಇರಲಿ. ಆದರೆ ಕಡಲನ್ನು ನೋಡಿ ಕಟ್ಟುವ ಮನೆಗೆ ಬಣ್ಣಕ್ಕಿಂತ ಮೊದಲು ಉಪ್ಪು, ಗಾಳಿ, ಮಳೆಯ ಲೆಕ್ಕ ಬೇಕು.

ಕಡಲು ಕಾಣಲೆಂದು ಅತ್ತೆ-ಮಾವನ ಕೋಣೆಯನ್ನು ಪಡುವಣಕ್ಕೆ ಇಟ್ಟಿದ್ದೀಯ. ಮಳೆಗಾಲವಿಡೀ ಎರಚಲು ಬಡಿಯುವುದು ಅದೇ ಗೋಡೆಗೆ; ಕಿಟಕಿ ತೆರೆಯಲಾಗದು, ಹಾಸಿಗೆ ಮುಗ್ಗು ಹಿಡಿಯುತ್ತದೆ. ಆ ಕೋಣೆ ಕೆಳಗೇ, ಮೂಡಣಕ್ಕೆ, ಬಚ್ಚಲಿಗೆ ಅಂಟಿಕೊಂಡಿರಲಿ. ಪಡುವಣಕ್ಕೆ 5 ಅಡಿ ಜಗಲಿ, ಮೇಲೆ ಇಳಿಜಾರಾದ ಹಂಚಿನ ಮಾಡು. ಮಧ್ಯಾಹ್ನದ ಕಡಲಗಾಳಿ ಜಗಲಿ ದಾಟಿ ಚಾವಡಿಗೆ ಬರುತ್ತದೆ. ಎದುರು ಗೋಡೆಯಲ್ಲಿ ಹೊರಹೋಗುವ ಕಿಟಕಿ ಇಲ್ಲದಿದ್ದರೆ ಬರುವುದೂ ಇಲ್ಲ.

ಬಚ್ಚಲಿನ ಬಾಗಿಲು 3 ಅಡಿ ತೆರವಿರಲಿ, ಹೊಸ್ತಿಲು ಬೇಡ, ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡವಾಗುತ್ತದೆ.

ನನಗೆ ನಿಜವಾದ ಚಿಂತೆ ಕಂಬಿಯದು. ಉಪ್ಪು ಕಾಂಕ್ರೀಟಿನೊಳಗೆ ಮೆಲ್ಲಗೆ ಇಳಿದು ಕಂಬಿ ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಕಾಂಕ್ರೀಟು ಸೀಳುತ್ತದೆ, ಸ್ಲ್ಯಾಬಿನ ಅಡಿಭಾಗ ಹಪ್ಪಳದಂತೆ ಕಳಚುತ್ತದೆ. ಕಡಲತೀರಕ್ಕೆ ಐಎಸ್ 456, ಅಂದರೆ ಕಾಂಕ್ರೀಟಿನ ಭಾರತೀಯ ಮಾನಕ, ಹೇಳುವುದು ಕನಿಷ್ಠ ಎಂ30 ದರ್ಜೆಯ ಬಲದ ಕಾಂಕ್ರೀಟು, ಕಂಬಿಯ ಸುತ್ತ 45 ಮಿ.ಮೀ. ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ. ಮೇಸ್ತ್ರಿ ಜಲ್ಲಿಚೂರು ಇಟ್ಟು ಕಂಬಿ ಎತ್ತಲು ಬಂದರೆ ಬೇಡ ಅನ್ನು; ಆಳು ತುಳಿದಾಗ ಅದು ಜಾರಿ ಕಂಬಿ ಕೆಳಗಿನ ಸೆಂಟ್ರಿಂಗ್ ಹಲಗೆಗೆ ಕೂರುತ್ತದೆ. ಸಿಮೆಂಟಿನ ಕವರ್ ಬ್ಲಾಕನ್ನೇ ಕಟ್ಟಿಸು. ಕಟ್ಟುವ ತಂತಿಯ ತುದಿಗಳನ್ನೂ ಒಳಕ್ಕೆ ಮಡಚಿಸು, ಇಲ್ಲವಾದರೆ ತುಕ್ಕು ಅಲ್ಲಿಂದಲೇ ಶುರು.

ಇನ್ನು ನೀರು. ಮನೆ ಕೆಲಸ ಜೋರಾಗಿ ನಡೆಯುವ ಏಪ್ರಿಲ್-ಮೇ ತಿಂಗಳಲ್ಲೇ ಕಡಲ ಬದಿಯ ಬಾವಿ ಸವಳಾಗುವುದು. ಕಲಸುವ ನೀರಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ ಮೀರಬಾರದು, ಮೊದಲೇ ಪರೀಕ್ಷೆಗೆ ಕೊಡು, ಹಾಕಿದ ಕಾಂಕ್ರೀಟನ್ನು ನೆನೆಸುವ ಕ್ಯೂರಿಂಗಿಗೂ ಆ ಸವಳು ಬೇಡ. ಅಳಿವೆಯ ಮರಳೂ ಬೇಡ.

ಕಟಾಂಜನ ಸ್ಟೀಲಿನದಾದರೆ 304 ದರ್ಜೆಯದಲ್ಲ, ಉಪ್ಪನ್ನು ಹೆಚ್ಚು ತಡೆಯುವ 316 ಕೇಳು. ಬಾಗಿಲಿನ ಹಿತ್ತಾಳೆ ತಿರುಗಣಿಗೆ ಹಿತ್ತಾಳೆಯದೇ ಸ್ಕ್ರೂ.

ಕಾಂಕ್ರೀಟು ಹಾಕುವ ಹಿಂದಿನ ಸಂಜೆ ನೀನೇ ಮೇಲೆ ಹತ್ತಿ ಟೇಪು ಹಿಡಿ. ಎಲ್ಲಾದರೂ ಕಂಬಿ ಹಲಗೆಗೆ ತಾಗಿದ್ದರೆ ಮರುದಿನದ ಕೆಲಸ ನಿಲ್ಲಿಸು.

ನಿನ್ನ ಅಪ್ಪ