ಉಣುಗಿಗೆ ಉಣುಗು ಅಂತಲೇ ಹೇಳಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಕಾಡಿನ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಕಚ್ಚಿ ಬರುವ ಮಂಗನ ಕಾಯಿಲೆ ಏನು ಅಂತ ನಿಮಗೆ ಹೇಳಿಕೊಡುವ ಉದ್ಧಟತನ ನನಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಪತ್ತೆ ಮಾಡಿದರು. ನಮ್ಮ ಕಾಡಿನ ಹೆಸರು ವೈದ್ಯಪುಸ್ತಕಗಳಿಗೆ ಹೋಯಿತು. ಪುಸ್ತಕದಲ್ಲಿದ್ದದ್ದು ಮಾತ್ರ ನಮ್ಮ ಕೊಟ್ಟಿಗೆವರೆಗೆ ಬರಲೇ ಇಲ್ಲ.

ಕಳೆದ ಫೆಬ್ರವರಿಯಲ್ಲಿ ನನ್ನ ಹೆಂಡತಿ ಬೆಟ್ಟದಿಂದ ದರಗು, ಅಂದರೆ ಕೊಟ್ಟಿಗೆಗೆ ಹಾಸುವ ಒಣಗಿದ ತರಗೆಲೆ, ಹೊತ್ತು ತಂದ ಐದನೇ ದಿನಕ್ಕೆ ಮಲಗಿದಳು. ತಲೆ ಸಿಡಿಯುತ್ತೆ ಅಂತ ತಣ್ಣನೆ ಗೋಡೆಗೆ ಹಣೆ ಒತ್ತಿಕೊಂಡು ಕೂರುತ್ತಿದ್ದಳು. ರಕ್ತ ತೆಗೆದುಕೊಂಡು ಹೋದರು. ಕೇಳಿದರೆ "ರಿಪೋರ್ಟು ಮೇಲಕ್ಕೆ ಹೋಗಿದೆ." ನಾಲ್ಕು ದಿನ ಬಿಟ್ಟು ಕೇಳಿದರೂ ಮೇಲಕ್ಕೇ. ಹದಿಮೂರನೇ ದಿನ ಪೇಪರಿನಲ್ಲಿ ಬಂತು, ನಮ್ಮೂರ ಹೆಸರು ಹಾಕಿ, ಮಹಿಳೆಗೆ ಸೋಂಕು ಅಂತ. ಹೆಂಡತಿಯ ಕಾಯಿಲೆ ಯಾವುದೆಂದು ಚಾ ಅಂಗಡಿಯಲ್ಲಿ ಓದಿಕೊಂಡ ಗಂಡ ನಾನು ಸ್ವಾಮಿ.

ಮರುದಿನದಿಂದ ನಮ್ಮ ಮನೆ ಹಾಲು ಯಾರಿಗೂ ಬೇಡವಾಯಿತು. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಊರಿಗೆ ಅದನ್ನು ಹೇಳುವವರು ಯಾರು? ನಾನು ಹೇಳಿದರೆ ನಂಬುತ್ತಾರೆಯೇ?

ಆಮೇಲೆ ಮಾರ್ಚಿನಲ್ಲಿ ಮೈಕು ಕಟ್ಟಿದ ಜೀಪು ಬಂತು. ಕರಪತ್ರದ ತುಂಬ ದೊಡ್ಡ ಮಂಗನ ಚಿತ್ರ, ಕೆಳಗೆ "ರೋಗವಾಹಕ ಕೀಟಗಳ ಸಂಪರ್ಕ ತಪ್ಪಿಸಿ." ನಮ್ಮಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಇದರಲ್ಲಿ ಉಣುಗು ಎಲ್ಲಿದೆಯೋ?" ಅಂದರು. ಎಲ್ಲೂ ಇರಲಿಲ್ಲ. ಕೇರಿಯ ಹುಡುಗರು ಚಿತ್ರ ನೋಡಿ ಪಟಾಕಿ ಹೊಡೆದು ಮಂಗ ಓಡಿಸಿದ್ದೇ ಓಡಿಸಿದ್ದು. ಪಾಪದ ಮಂಗ, ಅದೂ ನಮ್ಮ ಹಾಗೇ ಸಾಯುವ ಪ್ರಾಣಿ. ಸತ್ತ ಮಂಗನ ಮೈಯಿಂದ ಉಣುಗು ಉದುರಿ ಸುತ್ತಲ ತರಗೆಲೆಗೆ ಸೇರುತ್ತವೆ, ಹತ್ತಿರ ಹೋಗಬೇಡಿ, ಕೂಡಲೇ ತಿಳಿಸಿ ಅಂತ ಎರಡು ಸಾಲು ಹಾಕಿದ್ದರೆ ಸಾಕಿತ್ತು. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೀಪಾ ಎಣ್ಣೆ ಕೊಟ್ಟಿದ್ದೂ ಅವತ್ತೇ. ದರಗು ಆಗಲೇ ಕೊಟ್ಟಿಗೆ ಸೇರಿತ್ತು.

ಇನ್ನು ಲಸಿಕೆ. ಅದು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದಿರಿ. ನಿಲ್ಲಿಸಿದ್ದು ತಪ್ಪೆನ್ನುವುದಿಲ್ಲ. ಆದರೆ ವರ್ಷ ವರ್ಷ ತೋಳು ನೋಯಿಸಿಕೊಂಡವರಿಗೆ ಒಂದು ಮಾತು ಹೇಳಬಾರದಿತ್ತೇ? ನಮ್ಮ ಕೆಲಸದಾಳುಗಳಲ್ಲಿ "ನನಗೆ ಸೂಜಿ ಆಗಿದೆ" ಅಂತ ಬರಿಗಾಲಲ್ಲಿ ಕಾಡಿಗೆ ನುಗ್ಗುವವರು ಇವತ್ತಿಗೂ ಇದ್ದಾರೆ. ಹೊಸ ಲಸಿಕೆ ಬರುತ್ತೆ ಅನ್ನುತ್ತೀರಿ, ಬರಲಿ. ಮಾತಾಡುವುದಕ್ಕೆ ಯಾವ ಪ್ರಯೋಗಾಲಯ ಬೇಕು?

ನಾನು ಕೇಳುವುದು ಇಷ್ಟೇ. ಕಾಯಿಲೆಯ ಕಾಲ ಶುರುವಾಗುವ ಮುಂಚೆ, ನವೆಂಬರಿಗೆ ಮೊದಲು ಹೇಳಿಸಿ, ನಮ್ಮ ಮಾತಲ್ಲಿ ಹೇಳಿಸಿ. ರಾಗಿ ಕಾಳಿನಷ್ಟು ಇರುವ ಮರಿ ಉಣುಗನ್ನು ದೊಡ್ಡದಾಗಿ ಚಿತ್ರ ಬರೆಸಿ ಡೈರಿ ಗೋಡೆಗೆ ಅಂಟಿಸಿ. ರಕ್ತ ಕೊಟ್ಟವರಿಗೆ ಪೇಪರಿನವರಿಗಿಂತ ಮೊದಲು ಹೇಳಿಸಿ. ಮತ್ತೊಮ್ಮೆ ಬರೆಯುತ್ತೇನೆ, ನವೆಂಬರಿಗೆ ಮೊದಲು. ಮಾರ್ಚಿನಲ್ಲಿ ಜೀಪು ಕಳಿಸುವುದಾದರೆ ದಯವಿಟ್ಟು ಡೀಸೆಲ್ ಉಳಿಸಿ.

ಕೊಟ್ಟಿಗೆಯಲ್ಲಿ ಮೂರು ದನ ಇವೆ. ಈ ವರ್ಷವೂ ಅವಳು ದರಗಿಗೆ ಹೋಗಲೇಬೇಕು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಅಡಿಕೆ ಬೆಳೆಗಾರ