ತಾನಾಗಿ ತಿರುಗಿತು ಅಂದೆಯಲ್ಲ

ಪುಟ್ಟಿ,

ನಿನ್ನ ಕಾಗದ ಮಂಗಳವಾರ ಬಂತು. ನಮ್ಮನೆಯ ಹಳೇ ಫಿಯಟ್ ಕಾರಿನ ಬಾಡಿಯನ್ನು ತಿರುಗುವ ಸ್ಟ್ಯಾಂಡಿಗೆ ಏರಿಸಿ ನೀನೇ ರಿಪೇರಿ ಮಾಡುತ್ತಿರುವ ಕತೆ. ಮೊದಲ ನಾಲ್ಕು ಪುಟ ಓದುವಾಗ ನಿನ್ನ ದೊಡ್ಡಮ್ಮನನ್ನೂ ಕರೆದು ಕೂರಿಸಿಕೊಂಡಿದ್ದೆ. ಐದನೇ ಪುಟದ ಕೊನೆಗೆ ಬರೆದಿದ್ದೀಯ ನೋಡು, "ಮೊನ್ನೆ ನಾನು ಮುಟ್ಟದೇನೇ ಬಾಡಿ ಅರ್ಧ ಸುತ್ತು ತಿರುಗಿಬಿಡ್ತು ದೊಡ್ಡಪ್ಪ, ಜಾತ್ರೆ ತೊಟ್ಟಿಲ ಥರ!" ಅಂತ. ಪಕ್ಕದಲ್ಲಿ ನಗುವ ಮುಖ ಬೇರೆ. ಅಲ್ಲಿಗೆ ಓದುವುದು ನಿಲ್ಲಿಸಿದೆ. ಆರನೇ ಪುಟದಲ್ಲಿ ಏನಿದೆ ಅಂತ ಈಗಲೂ ಸರಿಯಾಗಿ ಗೊತ್ತಿಲ್ಲ.

ಆಗ ನೀನೆಲ್ಲಿದ್ದೆ? ಅದನ್ನೇ ಬರೆದಿಲ್ಲ. ಚಹಾ ಕುಡಿಯುತ್ತಾ ದೂರ ನಿಂತಿದ್ದೆಯಾ, ಕೆಳಗೆ ಕೂತು ತುಕ್ಕು ಉಜ್ಜುತ್ತಿದ್ದೆಯಾ?

ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಸ್ಟ್ಯಾಂಡಿನ ಚಿತ್ರ ಎರಡು ಸಲ ನೋಡಿದೆ. ಮುಂದೊಂದು ಕಂಬ, ಹಿಂದೊಂದು ಕಂಬ, ಬಂಪರ್ ಕೂರುವ ಜಾಗಕ್ಕೆ ಬೋಲ್ಟ್ ಮಾಡಿದ ಪಟ್ಟಿ, ತಿರುಗಲಿ ಅಂತ ಪೈಪಿನೊಳಗೆ ಪೈಪ್. ಗುಜರಿಯಿಂದ ತಂದ ಮಾಲಿನಲ್ಲಿ ಇಷ್ಟು ಮಾಡಿದ್ದೀಯ ಅಂದರೆ ನಿನ್ನ ಕೈ ಒಳ್ಳೆಯ ಕೈ. ನಾನು ಮೂವತ್ತು ವರ್ಷ ಟಿಂಕರಿಂಗ್ ಮಾಡಿದವನು, ಕಾರಿನ ತಳವನ್ನು ನಿಂತುಕೊಂಡು ವೆಲ್ಡ್ ಮಾಡಿದ್ದೇ ಇಲ್ಲ. ಮಲಗಿಯೇ ಮಾಡಬೇಕಿತ್ತು. ಕಿಡಿ ನೇರ ಕಾಲರಿನೊಳಗೆ ಬೀಳುತ್ತಿತ್ತು. ಚಿಕ್ಕವಳಿದ್ದಾಗ ನನ್ನ ಕುತ್ತಿಗೆಯ ಚುಕ್ಕೆಗಳನ್ನು ಎಣಿಸುತ್ತಿದ್ದೆಯಲ್ಲ, ಅವೇ.

ಆದರೆ ಅದು ಸುಮ್ನೆ ತಿರುಗುವುದಿಲ್ಲ ಮಗಳೇ. ಎರಡು ರಾತ್ರಿ ಯೋಚನೆ ಮಾಡಿದ ಮೇಲೆ ನನಗೆ ಹೊಳೆದದ್ದು ಇದು. ನೀನು ಅದನ್ನು ಸ್ಟ್ಯಾಂಡಿಗೆ ಏರಿಸಿದಾಗ ತಳ ಇತ್ತು. ತುಕ್ಕು ತಿಂದಿದ್ದರೂ ಇತ್ತು. ಆಗ ತೂಕ ನೋಡಿ ಪೈಪನ್ನು ಆ ಎತ್ತರಕ್ಕೆ ಕೂರಿಸಿದೆ, ಸರಿಯಾಗಿಯೇ ಕೂತಿತ್ತು. ಆಮೇಲೆ ತಳದ ತಗಡು ಕತ್ತರಿಸಿ ತೆಗೆದೆ. ಭಾರ ಎಲ್ಲಿಗೆ ಹೋಯಿತು? ಮೇಲಕ್ಕೆ ಹೋಯಿತು. ಪೈಪ್ ಮಾತ್ರ ಅಲ್ಲೇ ಉಳಿಯಿತು.

ತೊಟ್ಟಿಲು ಅಂದೆಯಲ್ಲ, ಅದನ್ನೇ ನೋಡು. ತೊಟ್ಟಿಲಿಗೆ ಹಗ್ಗ ಮೇಲೆ, ಮಗು ಕೆಳಗೆ. ತಳ್ಳಿದರೂ ವಾಪಸ್ ಬರುತ್ತೆ. ತಿರುಗುವ ಜಾಗಕ್ಕಿಂತ ಭಾರ ಮೇಲಿದ್ದರೆ ಅದು ತೊಟ್ಟಿಲಲ್ಲ, ತಲೆ ಮೇಲೆ ಕೊಡ ಇಟ್ಟುಕೊಂಡು ಹಗ್ಗದ ಮೇಲೆ ನಿಂತ ಹಾಗೆ. ಒಂದು ನೊಣ ಕೂತರೂ ಸಾಕು.

ಇಂಜಿನ್, ಗೇರ್‌ಬಾಕ್ಸ್, ಬಾಗಿಲು, ಸೀಟು ಎಲ್ಲ ತೆಗೆದರೂ ಆ ಬಾಡಿ ಇನ್ನೂರು ಕಿಲೋಗೆ ಕಮ್ಮಿ ಇರಲ್ಲ. ತಿರುಗುವಾಗ ಅದರ ಅಂಚು ಒಂದೊಂದೂ ಕತ್ತಿ. ನೀನು ಕತ್ತರಿಸಿ ಬಿಟ್ಟ ತಗಡು ಇನ್ನೂ ಚೂಪು.

ನಿನಗೆ ಹೇಳದೇ ಇದ್ದ ಒಂದು ವಿಷಯ ಇದೆ. ನಿನ್ನ ಅಪ್ಪನಿಗೂ ಪೂರ್ತಿ ಗೊತ್ತಿಲ್ಲ.

1983ರಲ್ಲಿ ನಾನು ಬೆಂಗಳೂರಲ್ಲಿ ಒಂದು ಶೆಡ್ಡಿನಲ್ಲಿದ್ದೆ. ಜೆ.ಸಿ. ರೋಡಿಗೆ ನಡೆದು ಹೋಗಿ ಸಾಮಾನು ತರುವಷ್ಟು ಹತ್ತಿರ. ಆಗ ಬಾಡಿಯ ತಳ ಮಾಡಬೇಕಾದರೆ ನಾಲ್ಕು ಜನ ಹಿಡಿದು ಮಗ್ಗುಲಿಗೆ ಮಲಗಿಸುತ್ತಿದ್ದೆವು. ಕೆಳಗೆ ಹಳೇ ಟೈರು, ಗೋಣಿಚೀಲ. ಮೇಲಿನಿಂದ ಒಂದು ಹಗ್ಗ, ಕೆಳಗೆ ಒಂದು ಮರದ ದಿಮ್ಮಿ ಕೊಟ್ಟು ನಿಲ್ಲಿಸುವುದು. ಅವತ್ತು ಅಂಬಾಸಿಡರ್. ಹಿಂದಿನ ರಾತ್ರಿ ಮಳೆ ಬಂದಿತ್ತು, ತೆಂಗಿನ ನಾರಿನ ಹಗ್ಗ ನೆನೆದಿತ್ತು. ಬೇರೆ ಹಗ್ಗ ಹುಡುಕಬೇಕಿತ್ತು. ಒಂದೇ ವೆಲ್ಡಿಂಗ್ ಬಾಕಿ, ಐದು ನಿಮಿಷ, ಹಿಡ್ಕೋ ಅಂದೆ. ಒಬ್ಬ ಹುಡುಗ ದೀಪ ಹಿಡಿದಿದ್ದ. ಹದಿನಾರೋ ಹದಿನೇಳೋ ಇರಬೇಕು. ಎಡಗೈಯಲ್ಲಿ ದೀಪ, ಬಲಗೈಯನ್ನು ಬಾಗಿಲ ಕೆಳಗಿನ ಪಟ್ಟಿಗೆ ಆನಿಸಿಕೊಂಡಿದ್ದ.

ದೊಡ್ಡ ಸದ್ದೇನೂ ಆಗಲಿಲ್ಲ. ದಿಮ್ಮಿ ಜಾರಿ ಟೈರಿನ ಮೇಲೆ ಕೂತ ಶಬ್ದ, ಅಷ್ಟೇ. ದೀಪ ಒಡೆಯಲೂ ಇಲ್ಲ. ನೆಲದ ಮೇಲೆ ಬಿದ್ದು ಉರಿಯುತ್ತಲೇ ಇತ್ತು.

ಎರಡು ಬೆರಳು ಹೋದವು. ಯಜಮಾನರು, ಅವನೇ ದಿಮ್ಮಿ ಒದ್ದ ಅಂತ ಹೇಳು ಅಂದರು. ಹೇಳಿದೆ. ಅವನ ತಾಯಿ ಬಂದಾಗಲೂ ಅದನ್ನೇ ಹೇಳಿದೆ.

ಹದಿನೈದು ವರ್ಷದ ಮೇಲೆ ತುಮಕೂರು ರಸ್ತೆಯಲ್ಲಿ ಒಂದು ಪಂಕ್ಚರ್ ಅಂಗಡಿಯಲ್ಲಿ ಅವನು ಸಿಕ್ಕ. ಮೂರು ಬೆರಳಲ್ಲಿ ಟೈರು ಬಿಚ್ಚುತ್ತಿದ್ದ, ನನಗಿಂತ ಬೇಗ. "ಚೆನ್ನಾಗಿದ್ದೀರಾ ಅಣ್ಣಾ" ಅಂದ. ನಾನು ಹತ್ತು ರೂಪಾಯಿ ಜಾಸ್ತಿ ಕೊಟ್ಟೆ. ಅವನು ಎಣಿಸಿ ಹತ್ತು ರೂಪಾಯಿ ವಾಪಸ್ ಕೊಟ್ಟ. ಬಸ್ಸು ಹತ್ತಿದ ಮೇಲೆ ನೆನಪಾಯಿತು, ಹೇಳಬೇಕಾದದ್ದು ಹೇಳಲಿಲ್ಲ ಅಂತ. ನೆನಪಾಯಿತು ಅನ್ನುವುದೂ ಸುಳ್ಳು. ಅಂಗಡಿ ಮುಂದೆ ನಿಂತಾಗಲೇ ನೆನಪಿತ್ತು.

ಹೋಗಲಿ. ನಿನ್ನ ವಿಷಯಕ್ಕೆ ಬರುತ್ತೇನೆ.

ಪೈಪನ್ನು ಹಿಡಿದಿಡಲು ಮೇಲಿಂದ ಒಂದು ಬೋಲ್ಟ್ ಬಿಗಿ ಮಾಡಿದ್ದೀಯ ಅಂತ ಚಿತ್ರದಲ್ಲಿ ಕಾಣುತ್ತೆ. "ಪಿನ್ ಆಮೇಲೆ ಹಾಕ್ತೀನಿ" ಅಂತಲೂ ಬರೆದಿದ್ದೀಯ. ಬಿಗಿ ಬೋಲ್ಟ್ ಲಾಕ್ ಅಲ್ಲ. ಸ್ವಲ್ಪ ಗ್ರೀಸ್ ಇಳಿದರೆ ಜಾರುತ್ತೆ, ನೀನು ಸುತ್ತಿಗೆಯಲ್ಲಿ ತಗಡು ಬಡಿಯುವ ಅದುರಿಗೂ ಸಡಿಲಾಗುತ್ತೆ. ಎರಡೂ ಪೈಪು ದಾಟಿ ಹೋಗುವ ಪಿನ್ ಬೇಕು. ದುಂಡನೆಯ ದಪ್ಪ ಪ್ಲೇಟಿಗೆ ಸುತ್ತಲೂ ತೂತು ಹೊಡೆಸು, ಬೇಕಾದ ಕೋನಕ್ಕೆ ನಿಲ್ಲಿಸಬಹುದು. ಹಿಂದೆ ಮುಂದೆ ಎರಡೂ ಕಡೆ ಇರಲಿ. ಒಂದೇ ಕಡೆ ಹಿಡಿದರೆ ಇನ್ನೊಂದು ತುದಿ ಬಾಡಿಯನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚುತ್ತೆ. ಫಿಯಟ್ಟಿಗೆ ಭಾರ ಹೊರುವ ಬೇರೆ ಚೌಕಟ್ಟು, ಚಾಸಿ, ಇಲ್ಲ ಅಂತ ನಿನಗೆ ಗೊತ್ತಲ್ಲ. ತಳ, ಬಾಗಿಲ ಕೆಳಗಿನ ಪಟ್ಟಿ, ಅವೇ ಅದರ ಬೆನ್ನುಮೂಳೆ. ಅದನ್ನೇ ಕತ್ತರಿಸಿ ಇಟ್ಟಿದ್ದೀಯ.

ಹಾಗೆ ನೋಡಿದರೆ ಕತ್ತರಿಸುವ ಮೊದಲೇ ಬಾಗಿಲ ಜಾಗಕ್ಕೆ ಅಡ್ಡಡ್ಡ ಪೈಪ್ ಕೊಡಬೇಕಿತ್ತು. ಕೊಟ್ಟಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳಬೇಡ, ನಾನೂ ಮೊದಲ ಸಲ ಮರೆತಿದ್ದೆ. ಆ ಕಾರಿನ ಬಾಗಿಲು ಕೊನೇವರೆಗೂ ಸರಿಯಾಗಿ ಕೂರಲಿಲ್ಲ.

ತೂಕ ಮತ್ತೆ ನೋಡಬೇಕು. ಇಬ್ಬರು ಗಟ್ಟಿ ಆಳು ಇದ್ದಾಗ ಮಾತ್ರ. ಬಾಡಿಯನ್ನು ಮಗ್ಗುಲಿಗೆ ತಂದು, ಕೈ ಬಿಡದೆ ಸ್ವಲ್ಪ ಸಡಿಲ ಮಾಡಿ. ಟಾಪು ಕೆಳಗೆ ಹೋಗುತ್ತೆ ಅಂದರೆ ಭಾರ ಟಾಪಿನ ಕಡೆಗಿದೆ. ಆಗ ಪಟ್ಟಿಯ ತೂತು ಬದಲಿಸಿ ಬಾಡಿಯನ್ನು ಪೈಪಿಗಿಂತ ಕೆಳಗಿಳಿಸಬೇಕು. ಹೊಸ ತಳ ಹಾಕಿದ ಮೇಲೆ ಇನ್ನೊಂದು ಸಲ ನೋಡಬೇಕು. ಬಾಗಿಲು ಹಾಕಿದರೆ ಮತ್ತೊಮ್ಮೆ. ಬೇಜಾರಿನ ಕೆಲಸ, ಗೊತ್ತು.

ಬಂಪರ್ ಜಾಗದ ತಗಡನ್ನು ಸುತ್ತಿಗೆಯಿಂದ ತಟ್ಟಿ ನೋಡು. ಟಣ್ ಅನ್ನಬೇಕು. ಡಬ್ ಅಂದರೆ ಆ ಬೋಲ್ಟ್ ತುಕ್ಕನ್ನು ಹಿಡಿದುಕೊಂಡು ನಿಂತಿದೆ ಅಂತ ಅರ್ಥ. ಎರಡು ಕಂಬಕ್ಕೂ ನೆಲದ ಮೇಲೆ ಒಂದು ಉದ್ದನೆಯ ಪೈಪ್ ಸೇರಿಸು, ಇಲ್ಲದಿದ್ದರೆ ತಳ್ಳುವಾಗ ದೂರ ದೂರ ಹೋಗುತ್ತವೆ. ಮತ್ತೆ ಜಿಐ ಪೈಪನ್ನು ಹಾಗೇ ವೆಲ್ಡ್ ಮಾಡಬೇಡ. ಅದರ ಮೇಲಿನ ಸತು ಸುಟ್ಟ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತೆ. ನಮ್ಮ ಶೆಡ್ಡಿನಲ್ಲಿ ಅದಕ್ಕೆ ಹಾಲು ಕುಡಿಸುತ್ತಿದ್ದರು. ಹಾಲು ಕುಡಿದರೂ ನಡುಗುತ್ತಿದ್ದೆವು.

ಪೆಟ್ರೋಲ್ ಟ್ಯಾಂಕ್ ತೆಗೆದು ಅಂಗಳದ ಆ ತುದಿಗೆ ಇಟ್ಟಿದ್ದೀಯ ತಾನೆ? ಇಟ್ಟಿರುತ್ತೀಯ. ನಾನು ಸುಮ್ನೆ ಕೇಳುತ್ತಿದ್ದೇನೆ.

ಇದೆಲ್ಲ ನಿನಗೆ ಗೊತ್ತಿರಬಹುದು. ವಿಡಿಯೋ ನೋಡಿರುತ್ತೀಯ. ನನಗೆ ಹೇಳಿಕೊಡುವ ಯೋಗ್ಯತೆ ಇದೆಯೋ ಇಲ್ಲವೋ, ಅದು ಬೇರೆ ಮಾತು. ಬೊಂಬಾಯಿಯ ಟ್ಯಾಕ್ಸಿ ಪದ್ಮಿನಿಗಳು, ಅವೂ ಇದೇ ಫಿಯಟ್ಟು ತಾನೆ, ಅವೂ 2023ರ ಅಕ್ಟೋಬರಿಗೆ ಮುಗಿದವು, ನಮ್ಮನೆಯದು ಒಂದು ಉಳಿಯಲಿ ಅಂತ ನನಗೂ ಆಸೆ. ತಾತ ಸ್ಟಿಯರಿಂಗ್ ಪಕ್ಕದ ಗೇರ್ ಎಳೆಯುವಾಗ ನಾಲಗೆ ಕಚ್ಚಿಕೊಳ್ಳುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆದು ಮುಗಿಸು ಅನ್ನುವವರು ಸಿಗುತ್ತಾರೆ, ಕೇಳಬೇಡ. ನಿನ್ನ ಹೆಸರಿನದೇ ಆದರೂ ನನಗೆ ಆ ಪುಟ್ಟಿ ಆಗಲ್ಲ.

ಅರ್ಧ ಸುತ್ತು. ಆಗ ನೀನೆಲ್ಲಿದ್ದೆ ಅಂತ ಮರೆಯದೆ ಬರೆ.

ಈಗ ಬಾಡಿ ಹೇಗೆ ನಿಂತಿದೆಯೋ ಹಾಗೇ ಇರಲಿ. ನಾಲ್ಕು ಮೂಲೆಗೂ ಜಾಕಿ ಸ್ಟ್ಯಾಂಡ್ ಕೊಟ್ಟು ಬಿಟ್ಟುಬಿಡು. ಹೊರಗಿನ ಪೈಪಿನ ಅಳತೆ, ಒಳಗಿನದರ ಅಳತೆ, ತಗಡಿನ ದಪ್ಪ, ಮೂರನ್ನೂ ಮಿಲಿಮೀಟರಿನಲ್ಲಿ ಬರೆದು ಕಳಿಸು. ಇಲ್ಲಿ ಲೇತಿನವನು ನನಗೆ ಗೊತ್ತಿರುವವನೇ. ಪ್ಲೇಟು, ಪಿನ್ನು ಎರಡು ಜೊತೆ ಮಾಡಿಸಿ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆ. ಬೆಳಿಗ್ಗೆ ಆರಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೋ. ಭಾರ ಇರುತ್ತೆ, ತಮ್ಮನನ್ನು ಕರೆದುಕೊಂಡು ಹೋಗು.

ನಿನ್ನ
ದೊಡ್ಡಪ್ಪ